ಬಸುರಿಗೆ ಹೇಳಬಾರದ ಸುದ್ದಿ

ಜೀವನ್ ಬಿಮಾ ನಗರ, ಬೆಂಗಳೂರು
ಗುರುವಾರ, ೬ ಫೆಬ್ರವರಿ ೨೦೨೫

ಪ್ರೀತಿಯ ಪ್ರತಿಭಾ,

ಕಾಗದ ಬರೆಯುವವರು ಮೊದಲು ತಾವು ಯಾರೆಂದು ತಿಳಿಸಬೇಕು ಎಂದು ಬೈಲಹೊಂಗಲದ ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ತಿಳಿಸುತ್ತೇನೆ. ನಾನು ರುದ್ರಾಣಿ, ದಿವಂಗತ ಶರಣಪ್ಪನವರ ಧರ್ಮಪತ್ನಿ, ನಿನ್ನ ಗಂಡ ಗುರುಕಿರಣನ ತಾಯಿ, ಈ ಮನೆಯ ಹಿರಿಯಳು. ನಮ್ಮ ರಸ್ತೆಯಲ್ಲಿ ನೀರಿನ ಟ್ಯಾಂಕರು ಯಾರ ಮನೆಯ ಮುಂದೆ ಮೊದಲು ನಿಲ್ಲಬೇಕೆಂದು ತೀರ್ಮಾನಿಸುವವಳು ನಾನು. ಗಣಪತಿ ಕೂರಿಸುವ ಹುಡುಗರು ಧ್ವನಿವರ್ಧಕ ಹಚ್ಚುವ ಮೊದಲು ನನ್ನನ್ನು ಕೇಳಿ ಹೋಗುತ್ತಾರೆ. ಈ ಮನೆಯಲ್ಲಿ ನನ್ನ ಮಾತಿಗೆ ಯಾರೂ ಎದುರಾಡಿಲ್ಲ, ನಿನ್ನ ಮೊಲ ಚುರ್ಮುರಿಯೊಂದನ್ನು ಬಿಟ್ಟು. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆದೆ. ಮುಂದೆ ಬರುವುದನ್ನು ಮನೆಯ ಹಿರಿಯಳು ಯೋಚಿಸಿ ಬರೆದದ್ದೆಂದು ನೀನು ಓದಬೇಕು.

ನಿನ್ನ ಆರೋಗ್ಯ ಹೇಗಿದೆ? ಕಾಲಿನ ಬಾವು ಇಳಿಯಿತೇ? ಹಗಲು ಮಲಗುವಾಗಲೂ ಎಡಕ್ಕೆ ಹೊರಳಿ ಮಲಗು. ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ನೀನು ಅದನ್ನು ದಿಂಬಿನ ಕೆಳಗೆ ಸೇರಿಸುತ್ತೀಯೆಂದು ನನಗೆ ಗೊತ್ತು, ಇಲ್ಲಿಯೂ ಹಾಗೆಯೇ ಮಾಡುತ್ತಿದ್ದೆ. ನುಂಗು. ನಿನ್ನ ತಂದೆಯವರ ಮೊಣಕಾಲು ಈಗ ಹೇಗಿದೆ ಎಂದು ಕೇಳಿದೆನೆಂದು ಹೇಳು. ಇಲ್ಲಿ ಗುರುಕಿರಣ ಕ್ಷೇಮ. ನೀನು ಕುಬುಸ ಮಾಡಿಸಿಕೊಂಡು ತವರಿಗೆ ಹೋದಾಗಿನಿಂದ ಅವನು ಬಟ್ಟೆಗಳನ್ನು ಮಡಿಸಿಡುವುದನ್ನೇ ಬಿಟ್ಟಿದ್ದಾನೆ. ಮೊನ್ನೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಆಫೀಸಿಗೆ ಹೋಗಿ ಬಂದ. ಸಂಜೆ ನಾನು ತೋರಿಸಿದಾಗ, ಇಡೀ ದಿನ ಯಾರೂ ನೋಡಲಿಲ್ಲವಲ್ಲ ಎಂದು ಸಂತೋಷಪಟ್ಟ. ಅವನನ್ನು ಹೀಗೆ ಬೆಳೆಸಿದವಳು ನಾನೇ ಎಂದು ನೀನು ಮನಸ್ಸಿನಲ್ಲಿ ಅಂದುಕೊಂಡರೆ ಅದೂ ನನಗೆ ಕೇಳಿಸುತ್ತದೆ.

ದಿನವೂ ಫೋನಿನಲ್ಲಿ ಮುಖ ನೋಡುತ್ತಿರುವಾಗ ಕಾಗದವೇಕೆ ಎಂದು ಕೇಳುವೆ. ನನ್ನ ಬಾಯಿಯ ಗುಣ ನಿನಗೆ ತಿಳಿದಿದೆ. ಸಮಾಧಾನ ಹೇಳಲು ಹೋದರೂ ಗದರಿದಂತೆ ಕೇಳಿಸುತ್ತದೆ. ಬರೆಯುವಾಗ ಒಂದು ಮಾತು ಗಟ್ಟಿಯಾಯಿತೆನಿಸಿದರೆ ಹೊಡೆದುಹಾಕಿ ಬೇರೆ ಬರೆಯಬಹುದು. ಈಗಾಗಲೇ ಎರಡು ಹಾಳೆ ಹರಿದಿದ್ದೇನೆ.

ಇನ್ನು ಮುಂದಿನ ಸಾಲು ಓದುವ ಮೊದಲು ಗೋಡೆಗೆ ಒರಗಿ ಕುಳಿತುಕೋ. ಪಕ್ಕದಲ್ಲಿ ನೀರಿದೆಯೇ ನೋಡಿಕೋ.

ಚುರ್ಮುರಿ ಹೋಯಿತು, ಮಗಳೇ. ಹೋಗಿ ಎರಡು ವಾರ ಕಳೆದಿದೆ.

ಅಳು ಬಂದರೆ ಅತ್ತು ಆಮೇಲೆ ಓದು. ಕಾಗದ ಎಲ್ಲಿಗೂ ಹೋಗುವುದಿಲ್ಲ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ಏಕೆಂದರೆ ನೀನು ಮನಸ್ಸಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಕಲ್ಪಿಸಿಕೊಳ್ಳಬಾರದು. ಅಂದು ಬೆಳಿಗ್ಗೆ ಎಂದಿನಂತೆ ನಾನು ಲಿಂಗಪೂಜೆಗೆ ಕುಳಿತಾಗ ಬಂದು, ತಟ್ಟೆಯಿಂದ ಒಂದು ಬಿಲ್ವಪತ್ರಿ ಎಳೆದುಕೊಂಡು ಹೋಯಿತು. ಮಂತ್ರದ ನಡುವೆ ಬೈಯಬಾರದೆಂದು ನಾನು ಕಣ್ಣಿನಲ್ಲಿಯೇ ಬೈದೆ. ಆಮೇಲೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯತೊಡಗಿದಾಗ ಅದೂ ಹಿಂಗಾಲನ್ನು ನೆಲಕ್ಕೆ ಬಡಿಯಿತು. ನಿನಗೆ ಗೊತ್ತಲ್ಲ, ನಾನು ಎಷ್ಟು ಸಲ ಬಡಿದರೂ ಕೊನೆಯ ಮಾತು ತನ್ನದೇ ಆಗಬೇಕು ಅದಕ್ಕೆ. ಮೂಲಂಗಿ ಸೊಪ್ಪು ತಿಂದಿತು. ಮಧ್ಯಾಹ್ನ ನಾನು ಊಟ ಮಾಡಿ ಬಂದು ನೋಡುವಷ್ಟರಲ್ಲಿ ನಿನ್ನ ಮಂಚದ ಕೆಳಗೆ, ನಿನ್ನ ಹಳೆಯ ಚಪ್ಪಲಿಗೆ ಮುಖವಿಟ್ಟು ಮಲಗಿತ್ತು. ಎಬ್ಬಿಸಿದೆ. ಏಳಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಒದ್ದಾಡಿದ ಗುರುತಿರಲಿಲ್ಲ, ಬಾಯಲ್ಲಿ ನೊರೆ ಇರಲಿಲ್ಲ. ನಾಯಿ ಬಂದಿರಲಿಲ್ಲ, ವೈರು ಕಡಿದಿರಲಿಲ್ಲ.

ಮಹಡಿಯ ಬಾಡಿಗೆಯ ಹುಡುಗಿ ಮಾಹಿರಾ ಆಟೋ ಕರೆಸಿ ನನ್ನೊಡನೆ ಇಂದಿರಾನಗರದ ಪ್ರಾಣಿಗಳ ಡಾಕ್ಟರ ಹತ್ತಿರ ಬಂದಳು. ಅವರು ಎದೆಗೆ ಕೊಳವೆ ಹಚ್ಚಿ ನೋಡಿ, ಮೊಲದ ಹೃದಯ ಬಹಳ ಸೂಕ್ಷ್ಮ, ಕೆಲವೊಮ್ಮೆ ಹೀಗೆ ನಿಂತುಬಿಡುತ್ತದೆ, ಖಚಿತ ಕಾರಣ ಬೇಕಾದರೆ ಕೊಯ್ದು ನೋಡಬೇಕು ಎಂದರು. ಕೊಯ್ಯುವುದು ಬೇಡ ಎಂದೆ. ಆದರೆ ಕಾರಣವಿಲ್ಲದೆ ನನ್ನ ಮನೆಯಲ್ಲಿ ಒಂದು ಜೀವ ಹೋಯಿತೆಂದರೆ ಒಪ್ಪಲು ನನ್ನಿಂದಾಗಲಿಲ್ಲ. ಮನೆಗೆ ಬಂದು ಎಲ್ಲರನ್ನೂ ವಿಚಾರಿಸಿದೆ. ಮಾಹಿರಾ ಅಂದು ಏನು ತಿನ್ನಿಸಿದ್ದಳು, ಗ್ಯಾಸ್ ಸಿಲಿಂಡರಿನವನು ಎಷ್ಟು ಜೋರಾಗಿ ಇಳಿಸಿದ, ಪಕ್ಕದ ಮನೆಯವರು ಯಾವ ಔಷಧಿ ಸಿಂಪಡಿಸಿದರು, ಎಲ್ಲ ಕೇಳಿದೆ. ಸಿಲಿಂಡರಿನವನು ಹೆದರಿ, ಈಗ ನಮ್ಮ ಗೇಟಿನ ಹೊರಗೇ ಇಟ್ಟು ಹೋಗುತ್ತಾನೆ. ಯಾರದೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು, ಒಬ್ಬರ ಮೇಲೆ ಕೂಗಾಡಿ ಮುಗಿಸುತ್ತಿದ್ದೆ.

ಗುರುಕಿರಣ ಆಫೀಸಿನಿಂದ ಓಡಿ ಬಂದ. ಸಾಕುಪ್ರಾಣಿಗಳನ್ನು ಸುಡುವ ಒಂದು ಕಡೆ ಇದೆಯಂತೆ, ಗಾಡಿ ಕಳಿಸುತ್ತಾರಂತೆ ಎಂದು ಫೋನು ತೆಗೆದ. ನಮ್ಮ ಮನೆಯಲ್ಲಿ ಯಾರನ್ನೂ ಸುಟ್ಟಿಲ್ಲ, ಇದನ್ನೂ ಸುಡುವುದಿಲ್ಲ ಎಂದೆ. ಹೂಳಲು ಮಣ್ಣೆಲ್ಲಿದೆ ಎಂದು ಅವನು ಕೇಳಿದ. ನಿಜ, ಕಾಲಿಗೆ ಕೆಸರು ಹತ್ತುತ್ತದೆಂದು ಹೋದ ವರ್ಷ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದವಳು ನಾನು. ಬಿಲ್ವದ ಗಿಡದ ಬುಡದಲ್ಲಿ ಒಡೆಯಲು ಹೇಳಿದೆ. ಒಡೆದ. ಮೈ ಬೆಚ್ಚಗಿರುವಾಗಲೇ ನಾನು ಅದರ ಕಾಲುಗಳನ್ನು ಮಡಚಿ ನಿನ್ನ ಹಳದಿ ದುಪಟ್ಟಾದಲ್ಲಿ ಸುತ್ತಿದ್ದೆ. ನನ್ನ ಮಾವನವರು ಹೋದಾಗ ನಮ್ಮ ಅತ್ತೆಯವರು ಹಾಗೆ ಮಾಡಿದ್ದನ್ನು ನೋಡಿದ್ದೆ, ತಡವಾದರೆ ಕೂರಿಸಲು ಆಗುವುದಿಲ್ಲ. ಹೌದು, ಚುರ್ಮುರಿಯನ್ನು ನಮ್ಮವರನ್ನು ಕೂರಿಸುವ ಹಾಗೆ ಕೂರಿಸಿಯೇ ಹೂಳಿದೆ. ಬೆಳಗಿನ ಬಿಸಿಲಿಗೆ ಮುಂಗಾಲು ಒಳಗೆ ಮಡಚಿಕೊಂಡು ಕೂರುತ್ತಿತ್ತಲ್ಲ, ಹಾಗೆಯೇ ಕಂಡಿತು. ಹಣೆಗೆ ವಿಭೂತಿ ಹಚ್ಚಿದೆ. ಮಂತ್ರ ಹೇಳಿಸಲು ಅಯ್ಯನವರನ್ನು ಕರೆಸಲಿಲ್ಲ, ಅಷ್ಟು ಬುದ್ಧಿ ನನಗೆ ಇನ್ನೂ ಇದೆ. ಆದರೆ ಮನಸ್ಸು ಒಮ್ಮೆ ಆ ಕಡೆ ಹೋಗಿ ಬಂದದ್ದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಮಾಹಿರಾ ಪಕ್ಕದಲ್ಲಿ ನಿಂತಿದ್ದಳು. "ಆಂಟಿ, ನೀವು ಅತ್ರೆ ಇಲ್ಲಿ ಯಾರೂ ಏನೂ ಅಂದ್ಕೊಳಲ್ಲ," ಎಂದಳು. ಅವಳನ್ನು ಕೈ ತೊಳೆದುಕೊಂಡು ಬಾ ಎಂದು ಒಳಗೆ ಕಳಿಸಿದೆ.

ಆ ಜೀವ ಈ ಮನೆಗೆ ಹೇಗೆ ಬಂತೆಂದು ನಾನು ಮರೆತಿಲ್ಲ. ಮೊದಲ ಸಲ ಐದನೆಯ ತಿಂಗಳಲ್ಲಿ ಕೂಸು ನಿಲ್ಲದೆ ಹೋದ ಮೇಲೆ ನೀನು ಅನ್ನ ಮುಟ್ಟದೆ ಮಲಗಿದ್ದೆ. ಗುರುಕಿರಣ ಶಿವಾಜಿನಗರಕ್ಕೆ ಹೋಗಿ ಬುಟ್ಟಿಯಲ್ಲಿ ಅದನ್ನು ತಂದು ನಿನ್ನ ಮಗ್ಗುಲಿಗೆ ಬಿಟ್ಟ. ಹಿತ್ತಲಲ್ಲಿರಲಿ, ಹೊಸ್ತಿಲು ದಾಟಕೂಡದು ಎಂದು ನಾನು ಅಪ್ಪಣೆ ಮಾಡಿದೆ. ಅದು ನನ್ನ ಮುಂದೆಯೇ ದಾಟಿತು. ಅಂದು ಸಂಜೆ ನೀನು ಅದಕ್ಕೆ ಚುರ್ಮುರಿ ತಿನ್ನಿಸುತ್ತ ನೀನೂ ಒಂದು ಹಿಡಿ ತಿಂದೆ. ಅದೇ ಅದರ ಹೆಸರಾಯಿತು. ತಿನ್ನುವ ವಸ್ತುವನ್ನು ಹೆಸರಾಗಿ ಇಡುತ್ತಾರೆಯೇ ಎಂದು ನಾನು ಕೇಳಿದ್ದೆ. ಬಾಗಿಲ ಸಂದಿಯಿಂದ ನೀನು ತಿಂದದ್ದನ್ನು ನೋಡಿ, ಒಲೆಯ ಮೇಲೆ ಹಾಲಿಡಲು ಹೋದೆ.

ಈಗ ಏನಾಗಿದೆ ಗೊತ್ತೇ? ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲುತ್ತದೆ. ಕಿವಿಗೊಟ್ಟು ನಿಲ್ಲುತ್ತೇನೆ. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಗುರುಕಿರಣ ಸೀದ ರೊಟ್ಟಿಯನ್ನೇ ತಿನ್ನುತ್ತಾನೆ. ಸೊಪ್ಪಿನ ಮುನಿಲಕ್ಷ್ಮಮ್ಮ ರಾಮಮೂರ್ತಿ ನಗರದ ಕಡೆಯಿಂದ ಬರುವಾಗ ಗಜ್ಜರಿ, ಮೂಲಂಗಿಗಳ ಎಲೆ ಮುರಿದು ಅದಕ್ಕೆಂದು ಬೇರೆ ಕಟ್ಟು ತರುತ್ತಿದ್ದಳಲ್ಲ, ಮರುದಿನವೂ ತಂದಳು. "ಏನಮ್ಮೋ, ನಿಮ್ ಮರಿ ಗೇಟ್ ತಾವ ಬರ್ಲೇ ಇಲ್ಲ, ನನ್ ಮ್ಯಾಲೆ ಕ್ವಾಪಾನಾ?" ಎಂದು ಕೂಗಿದಳು. ನಾನು ಕಟ್ಟು ಇಸಿದುಕೊಂಡು ಒಳಗೆ ಬಂದೆ. ಅಂದು ಸಂಜೆ ಆ ಎಲೆಗಳಿಗೆ ಬೇಳೆ ಹಾಕಿ ಪಲ್ಯ ಮಾಡಿ, ಮಾಡಿದ ಮೇಲೆ ಯಾರಿಗೂ ಬಡಿಸಲು ಆಗದೆ ಹಾಗೆಯೇ ಮುಚ್ಚಿಟ್ಟೆ. ನಿನ್ನ ಕೋಣೆ ಗುಡಿಸಿದಾಗ ಮೂಲೆಯಲ್ಲಿ ಬಿಳಿ ಕೂದಲು ಉಂಡೆಯಾಗಿ ಸಿಕ್ಕಿತು. ಅದನ್ನು ಮೊರಕ್ಕೆ ಬಳಿದುಕೊಂಡೆ. ಮತ್ತೆ ಮೊರವನ್ನು ಕೆಳಗಿಟ್ಟು ಮಂಚದ ಮೇಲೆ ಕುಳಿತೆ. ಈ ಕೋಣೆಯಲ್ಲಿ ನೀನೂ ಇಲ್ಲ, ಅದೂ ಇಲ್ಲ. ಇಷ್ಟು ವರ್ಷ ಸದ್ದು ಮಾಡಬೇಡಿ ಎಂದು ಎಲ್ಲರಿಗೂ ಹೇಳುತ್ತ ಬಂದ ನನಗೆ ಈಗ ಬೇಕಾದ ಹಾಗೆ ಸದ್ದಡಗಿದೆ.

ಈ ಸುದ್ದಿ ನಿನಗೆ ಏಕೆ ಮುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಅಂದೇ ಗುರುಕಿರಣ ನಿನ್ನ ತಾಯಿ ರಾಜೇಶ್ವರಿಯವರಿಗೆ ಗುಟ್ಟಾಗಿ ಫೋನು ಮಾಡಿದ. ಅವರು ಫೋನನ್ನು ನನಗೆ ಕೊಡಲು ಹೇಳಿ, "ಅಕ್ಕಾರ, ಶಿವರಾತ್ರಿ ಆದ ಮ್ಯಾಲ ಹೆರಿಗಿ ದಿನಾ ಕೊಟ್ಟಾರ. ಅಲ್ಲೀತನಾ ಆಕಿ ಕಿವಿಗಿ ಬೀಳೂದು ಬ್ಯಾಡ್ರಿ. ಹೊಟ್ಟಿಯಾಗಿನ ಕೂಸಿಗೆ ತಾಕತೈತಿ," ಎಂದರು. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆಂಬ ಪದ್ಧತಿ ನನಗೂ ತಿಳಿದದ್ದೇ. ಮೊದಲ ಸಲದ ನೆನಪೂ ಎಲ್ಲರ ಎದೆಯಲ್ಲಿ ಕುಳಿತಿದೆ. ಹೂಂ ಎಂದೆ. ನೀನು ಫೋನು ಮಾಡಿದಾಗಲೆಲ್ಲ ಗುರುಕಿರಣ ಹಳೆಯ ವಿಡಿಯೋಗಳನ್ನು ಕಳಿಸುತ್ತ ಹೋದ. ಚುರ್ಮುರಿ ಮಲಗಿದೆ, ಚುರ್ಮುರಿ ಮಹಡಿಗೆ ಹೋಗಿದೆ ಎಂದ. ನೀನು ಈಗಲೇ ತೋರಿಸು ಎಂದು ಹಠ ಹಿಡಿದಾಗ ಮತ್ತೆ ಶಿವಾಜಿನಗರಕ್ಕೆ ಹೋಗಿ, ಚುರ್ಮುರಿಯಂತೆಯೇ ಒಂದು ಕಿವಿ ಕಂದಾಗಿರುವ ಬಿಳಿ ಮೊಲವನ್ನೇ ಹುಡುಕಿ ತಂದ. ದೂರದಿಂದ ತೋರಿಸಿದರೆ ಗೊತ್ತಾಗುವುದಿಲ್ಲವಂತೆ. "ಒಂದ್ ತಿಂಗ್ಳು ಅಷ್ಟೆ ಅವ್ವಾ, ಆಮೇಲೆ ನಾನೇ ಹೇಳ್ತೀನಿ, ನೀನು ಮಾತ್ರ ಸುಮ್ನಿರು," ಎಂದ. ಅವನನ್ನು ಬೈಯಬೇಡ. ಪೇಟೆಯೆಲ್ಲ ಅಲೆದು ಬಂದು, ಆ ಮೊಲವನ್ನು ಮಡಿಲಲ್ಲಿಟ್ಟುಕೊಂಡು ಅವನು ಮೆಟ್ಟಿಲ ಮೇಲೆ ಕುಳಿತದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ನನ್ನ ಒಪ್ಪಿಗೆ ಮುರಿದದ್ದು ಕಳೆದ ಭಾನುವಾರ. ನೀನು ಫೋನಿನಲ್ಲಿ ಆ ಹೊಸ ಮೊಲವನ್ನು ಹೆಸರು ಹಿಡಿದು ಕರೆದೆ. ಕರೆಯುತ್ತಲೇ ಹೋದೆ. ಅದು ಬಟ್ಟೆ ಒಗೆಯುವ ಮಷೀನಿನ ಹಿಂದೆ ಹೊಕ್ಕಿತು. ಆಗ ನೀನು ಗುರುಕಿರಣನನ್ನು ಕೇಳಲಿಲ್ಲ, ನನ್ನನ್ನು ಕೇಳಿದೆ. "ಅತ್ತೀ, ಅವ ನನ್ನ ಮರ್ತಾನೇನ್ರಿ? ನನ್ನ ದನಿ ಕೇಳಿದ್ರೂ ಕಿವಿ ನಿಗರಸವಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಗುರುಕಿರಣ ಸಿಗ್ನಲ್ ಇಲ್ಲವೆಂದು ಫೋನು ಇಟ್ಟುಬಿಟ್ಟ. ಇಡುವ ಮೊದಲು ನಿನ್ನ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಮರುದಿನ ನೀನು ಮೊಲವನ್ನು ತೋರಿಸು ಎನ್ನಲಿಲ್ಲ. ಅದರ ಮರುದಿನವೂ ಅನ್ನಲಿಲ್ಲ. ಮೊಲದ ಸಾವಿನ ದುಃಖ ನಿನಗೆ ತಾಕಬಾರದೆಂದು ನಾವೆಲ್ಲ ಸೇರಿ, ಅದು ನಿನ್ನನ್ನು ಮರೆಯಿತೆಂಬ ದುಃಖವನ್ನು ನಿನಗೆ ಕೊಟ್ಟೆವು. ಅದು ಮರೆಯಲಿಲ್ಲ. ನೀನು ಹೋದ ಮೇಲೆ ಅದು ಹಗಲೆಲ್ಲ ಮಲಗುತ್ತಿದ್ದುದು ನಿನ್ನ ಮಂಚದ ಕೆಳಗೇ. ನಾನು ಎಷ್ಟು ಸಲ ಎತ್ತಿ ಹಿತ್ತಲಿಗೆ ಬಿಟ್ಟರೂ ತಿರುಗಿ ಅಲ್ಲಿಗೇ ಹೋಗುತ್ತಿತ್ತು. ಕೊನೆಗೂ ಅಲ್ಲಿಯೇ ಇತ್ತು. ಇದನ್ನು ನಿನಗೆ ತಿಳಿಸಬೇಕಾದವರು ಯಾರು, ನಾನಲ್ಲದೆ?

ಒಂದು ಸಂಗತಿ ನಾನು ಯಾರಿಗೂ ಹೇಳಿದವಳಲ್ಲ, ನಿನ್ನ ಮಾವನವರಿಗೂ ಹೇಳಿರಲಿಲ್ಲ. ಗುರುಕಿರಣನ ಬಾಣಂತನಕ್ಕೆ ನಾನು ಬೈಲಹೊಂಗಲದ ತವರಿನಲ್ಲಿದ್ದಾಗ, ನನ್ನನ್ನು ಎತ್ತಿ ಆಡಿಸಿದ ಅಜ್ಜಿ ಪಕ್ಕದ ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆಯಲ್ಲಿರುತ್ತಿದ್ದಳು. ಕೂಸನ್ನು ನೋಡಲು ಅಜ್ಜಿ ಏಕೆ ಬರಲಿಲ್ಲ ಎಂದು ನಾನು ದಿನವೂ ಕೇಳುತ್ತಿದ್ದೆ. ಅವಳಿಗೆ ಸೊಂಟ ನೋವು ಎಂದರು, ಎತ್ತಿನ ಬಂಡಿ ಸಿಗಲಿಲ್ಲ ಎಂದರು. ಒಂದು ದಿನ ನನ್ನ ಅವ್ವ ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಯ ಡಬ್ಬಿ ತಂದಿಟ್ಟು, "ಅಜ್ಜಿ ಕಳಿಸ್ಯಾಳ, ತಿನ್ನು," ಎಂದಳು. ನಾನು ಅಜ್ಜಿಯ ಕೈರುಚಿ ಎಂದು ಹೊಗಳಿ ಹೊಗಳಿ ತಿಂದೆ. ಡಬ್ಬಿ ಮುಗಿದ ಮೇಲೆ, ಇನ್ನೊಮ್ಮೆ ಮಾಡಿ ಕಳಿಸಲು ಹೇಳು ಎಂದೆ. ಅವ್ವ ಹೂಂ ಎಂದಳು. ಅಜ್ಜಿ ಆಗಲೇ ಮಣ್ಣು ಸೇರಿದ್ದಳು. ನನಗೆ ಹೆರಿಗೆ ಆಗುವ ಮೊದಲೇ ಸೇರಿದ್ದಳು. ಕೂಸಿಗೆ ತೊಟ್ಟಿಲು ಹಾಕಿದ ಮೇಲೆ ಹೇಳಿದರು, ಆಗ ಎಲ್ಲರ ಅಳು ಮುಗಿದಿತ್ತು. ನನ್ನ ಜೊತೆ ಅಳಲು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನಾನು ಅಳದೆ ಕೂಸನ್ನು ಎತ್ತಿಕೊಂಡು ಬೆಂಗಳೂರಿಗೆ ಬಂದೆ. ಅವ್ವ ನನ್ನ ಒಳ್ಳೆಯದಕ್ಕೇ ಮಾಡಿದಳು, ಅದರಲ್ಲಿ ಸಂಶಯವಿಲ್ಲ. ಆದರೆ ಅವಳು ಬದುಕಿರುವವರೆಗೂ ಅವಳು ಕೊಟ್ಟದ್ದನ್ನು ನಾನು ಯಾರು ಮಾಡಿದ್ದು ಎಂದು ಕೇಳದೆ ತಿನ್ನಲಿಲ್ಲ.

ನೀನು ನಾಳೆ ನಾನು ಕೊಟ್ಟದ್ದನ್ನು ಹಾಗೆ ಕೇಳಿ ತಿನ್ನುವುದು ನನಗೆ ಬೇಡ.

ಈಗ ಗಟ್ಟಿಯಾಗಿ ಒಂದು ಮಾತು ಹೇಳುತ್ತೇನೆ, ಇದನ್ನು ಹೊಡೆದುಹಾಕುವುದಿಲ್ಲ. ಹೋದದ್ದಕ್ಕೂ ಬರುವುದಕ್ಕೂ ನಂಟು ಕಟ್ಟಬೇಡ. ಚುರ್ಮುರಿ ಹೋದದ್ದು ಶಕುನವಲ್ಲ, ಸೂಚನೆಯಲ್ಲ. ಒಂದು ಮೊಲ ತನ್ನ ಆಯಸ್ಸು ಮುಗಿಸಿ ಹೋಯಿತು. ನಿನ್ನ ಹೊಟ್ಟೆಯ ಕೂಸು ಅದರ ಪಾಡಿಗೆ ಅದು ಒದೆಯುತ್ತಿದೆ, ಒದೆಯಲಿ. ಯಾರಾದರೂ ಬೇರೆ ರೀತಿ ಮಾತಾಡಿದರೆ ನನ್ನ ಹೆಸರು ಹೇಳಿ ನನ್ನ ಹತ್ತಿರ ಕಳಿಸು. ಹೊಸ ಮೊಲವನ್ನು ಮಾಹಿರಾ ಮೇಲಕ್ಕೆ ಒಯ್ದಿದ್ದಾಳೆ. ಅದರದೇನೂ ತಪ್ಪಿಲ್ಲ, ತನ್ನದಲ್ಲದ ಹೆಸರಿಗೆ ಓಗೊಡಲಿಲ್ಲ ಅಷ್ಟೇ. ಅಲ್ಲಿ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಚೆನ್ನಾಗಿ ತಿನ್ನುತ್ತಿದೆ.

ಬಸವಣ್ಣ ನಿನ್ನನ್ನೂ ಕೂಸನ್ನೂ ಕಾಯಲಿ. ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನಿನ್ನ ತಂದೆತಾಯಿಗಳಿಗೆ ನನ್ನ ಶರಣು. ನೀನಿಲ್ಲದೆ ಈ ಮನೆಯ ದೀಪ ಹಚ್ಚುವಾಗ ಪ್ರತಿ ಸಂಜೆ ಬಾಗಿಲ ಕಡೆ ಒಮ್ಮೆ ನೋಡುತ್ತೇನೆ.

ನಿನ್ನ ಅತ್ತೆ,
ರುದ್ರಾಣಿ

ತಾ.ಕ.: ಅಕ್ಷರ ಸೊಟ್ಟಗಿದೆ, ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇಂದು ಶನಿವಾರ. ಈ ಕಾಗದವನ್ನು ಗುರುವಾರ ಬರೆದು ಮಡಚಿದ ಮೇಲೆ, ಇದು ಅಂಚೆಯಲ್ಲಿ ಬಂದು ನೀನೊಬ್ಬಳೇ ಕುಳಿತು ಓದುವುದನ್ನು ನೆನೆದೆ. ಮನಸ್ಸು ಒಪ್ಪಲಿಲ್ಲ. ಮಾಹಿರಾ ತನ್ನ ಫೋನಿನಲ್ಲಿ ಟಿಕೆಟ್ಟು ಮಾಡಿಕೊಟ್ಟಳು. ಗುರುಕಿರಣನಿಗೆ ಇಂದು ರೈಲು ತುಮಕೂರು ದಾಟಿದ ಮೇಲೆ ತಿಳಿಸಿದೆ. ಕರೆಯದೆ ಬೀಗರ ಮನೆಯ ಮೆಟ್ಟಿಲು ಹತ್ತಿದವಳಲ್ಲ ನಾನು, ಇಂದು ಹತ್ತಿದೆ. ಹಾವೇರಿಯಲ್ಲಿ, ನಿಮ್ಮ ಪಡಸಾಲೆಯಲ್ಲಿದ್ದೇನೆ. ನಿನ್ನ ತಾಯಿಗೆ ಎಲ್ಲ ಹೇಳಿದೆ. ಮೊದಲು ಸಿಟ್ಟಾದರು, ಆಮೇಲೆ ಮಜ್ಜಿಗೆ ತಂದುಕೊಟ್ಟರು. ನೀನು ಮಲಗಿದ್ದೀಯ, ಎಬ್ಬಿಸುವುದು ಬೇಡವೆಂದೆ. ಕಾಗದವನ್ನು ನಾನೇ ಬಂದು ನಿನ್ನ ದಿಂಬಿನ ಪಕ್ಕದಲ್ಲಿಟ್ಟು ಹೋಗುತ್ತೇನೆ. ಓದಿ ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೊರಗೆ ಬರಬೇಕಾಗಿಲ್ಲ, ಅಲ್ಲಿಂದಲೇ ಕರೆ. ನಿನ್ನ ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತೇನೆ. ನಾನೂ ಇನ್ನೂ ಅತ್ತಿಲ್ಲ.